ವಿಮಾನದ ಫೋಟೋ ಎಲ್ಲಾ ಮಸುಕು, ಲೆನ್ಸ್ ಕೆಟ್ಟಿದೆಯಾ?

ರನ್‌ವೇ_ಹೊಸಬ:
ಮೂರು ವಾರದಿಂದ ಒದ್ದಾಡುತ್ತಿದ್ದೇನೆ. ಒಂದು ಫೋಟೋನೂ ಚೂಪಾಗಿ ಬರುತ್ತಿಲ್ಲ. ಕಿಟಕಿ ಸಾಲು, ಬಾಲದ ಮೇಲಿನ ಅಕ್ಷರ ಎಲ್ಲ ಕಲಸಿಹೋಗಿವೆ, ಸಾಲದ್ದಕ್ಕೆ ವಿಮಾನದ ಹೊಟ್ಟೆ ಪೂರ್ತಿ ಕಪ್ಪು. 600 ಎಂಎಂವರೆಗಿನ ಜೂಮ್. ಸೆಟ್ಟಿಂಗ್ ಎಲ್ಲ ಸರಿಯಾಗಿಯೇ ಇದೆ. ದಾರಿ ಹೇಳಿ.

ಶಟರ್_ಪ್ರೇಮಿ:
ಸರಿಯಾಗಿ ಅಂದರೆ ಎಷ್ಟು ಸರ್? ಶಟರ್ ಸ್ಪೀಡ್, ಅಂದರೆ ಶಟರ್ ತೆರೆದು ಮುಚ್ಚುವ ವೇಗ, ಕಡಿಮೆ ಆಗಿದೆ, ಬೇರೇನೂ ಅಲ್ಲ. 600ಕ್ಕೆ ಎಳೆದಾಗ ಕೈ ಒಂಚೂರು ಅಲ್ಲಾಡಿದರೂ ಫೋಟೋದಲ್ಲಿ ಕಾಣುತ್ತದೆ. 1/1000 ಸೆಕೆಂಡ್‌ಗಿಂತ ನಿಧಾನಕ್ಕೆ ಇಳಿಯಬೇಡಿ. ಲೆನ್ಸ್ ತೆರೆಯುವ ಗಾತ್ರ ಎಫ್ 8 ಇಡಿ, ಫೋಕಸ್ ಕಂಟಿನ್ಯೂಯಸ್‌ಗೆ ಹಾಕಿ, ಓಡುವ ವಿಮಾನವನ್ನು ಅದು ಹಿಂಬಾಲಿಸುತ್ತಿರುತ್ತದೆ.

ರನ್‌ವೇ_ಹೊಸಬ:
1/2000ರಲ್ಲೇ ತೆಗೆದಿದ್ದು. ಫೋಕಸ್ ಕೂಡ ಕಂಟಿನ್ಯೂಯಸ್ಸೇ.

ಶಟರ್_ಪ್ರೇಮಿ:
ಹಾಗಾದರೆ 1/3200 ಮಾಡಿ. ನಾನು ಯಾವಾಗಲೂ ಅದರಲ್ಲೇ ಇರುತ್ತೇನೆ.

ಫ್ಯಾನ್_ತಿರುಗಲಿ:
ಹೊಸಬರಿಗೆ ಎಲ್ಲದಕ್ಕೂ 1/3200 ಅಂತ ಕಲಿಸಬೇಡಿ. ಪ್ರೊಪೆಲರ್ ವಿಮಾನಕ್ಕೆ ಹಾಗೆ ಮಾಡಿದರೆ ಬ್ಲೇಡು ನಿಂತೇಬಿಟ್ಟಿದೆ ಅನ್ನಿಸುತ್ತದೆ, ಆಟದ ವಿಮಾನವನ್ನು ದಾರದಲ್ಲಿ ಕಟ್ಟಿದ ಹಾಗೆ. 1/250 ಅಥವಾ ಅದಕ್ಕೂ ಕೆಳಗೆ ಇಳಿದು ವಿಮಾನದ ಜೊತೆಗೇ ಕ್ಯಾಮೆರಾ ತಿರುಗಿಸಬೇಕು. ಹೆಲಿಕಾಪ್ಟರ್‌ಗೆ 1/100ರ ಸುತ್ತಮುತ್ತ.

ಶಟರ್_ಪ್ರೇಮಿ:
ಅವರು ಕೇಳಿದ್ದು ಜೆಟ್ ಬಗ್ಗೆ.

ಫ್ಯಾನ್_ತಿರುಗಲಿ:
ಜೆಟ್ ಅಂತ ಎಲ್ಲಿ ಬರೆದಿದ್ದಾರೆ? ತೋರಿಸಿ.

ಗಿಂಬಲ್‌ವಾಲಾ:
ನಾನು ಗಿಂಬಲ್ ಹೆಡ್ (ಟ್ರೈಪಾಡ್ ಮೇಲೆ ಭಾರದ ಲೆನ್ಸ್ ಸಲೀಸಾಗಿ ತಿರುಗಿಸುವ ಹಿಡಿ) ಮೇಲೆ 500 ಎಂಎಂ ಪ್ರೈಮ್, ಅಂದರೆ ಜೂಮ್ ಇಲ್ಲದ ಲೆನ್ಸ್, ಕೂರಿಸಿದ್ದೇನೆ. ಅಷ್ಟು ಭಾರದ ಲೆನ್ಸ್ ಒಂದು ಬೆರಳಿಗೆ ತಿರುಗುತ್ತದೆ. ಒಮ್ಮೆ ಬಳಸಿದರೆ ಕೈಯಲ್ಲಿ ಹಿಡಿಯೋಕೆ ಮನಸ್ಸೇ ಬರಲ್ಲ.

ಬೆಳಗಿನ_ಬೆಳಕು:
ಒಂದು ಕೇಳಲಾ? ಎಷ್ಟು ಹೊತ್ತಿಗೆ ತೆಗೆದಿದ್ದು, ವಿಮಾನ ಎಷ್ಟು ದೂರ ಇತ್ತು?

ರನ್‌ವೇ_ಹೊಸಬ:
ಮಧ್ಯಾಹ್ನ 1 ಗಂಟೆ. ರನ್‌ವೇಯ ಆ ತುದಿ, ಒಂದೂವರೆ ಕಿಲೋಮೀಟರ್ ಇರಬಹುದು. ತಲೆ ಮೇಲೆ ಹಾದುಹೋದ ಒಂದೆರಡು ಮಾತ್ರ ಚೆನ್ನಾಗಿ ಬಂದಿವೆ. ಅದನ್ನು ಹೇಳಬೇಕು ಅಂತ ಹೊಳೆಯಲಿಲ್ಲ.

ಬೆಳಗಿನ_ಬೆಳಕು:
ಲೆನ್ಸ್ ಕೆಟ್ಟಿದ್ದರೆ ಅವೂ ಕೆಡಬೇಕಿತ್ತು, ಅಲ್ವಾ? ಇದು ಬಿಸಿಗಾಳಿಯ ಕೆಲಸ. ಕಾದ ರನ್‌ವೇಯಿಂದ ಬಿಸಿಗಾಳಿ ಏಳುತ್ತಾ ಇರುತ್ತದೆ, ಅದು ತಣ್ಣನೆ ಗಾಳಿಗೆ ಸೇರುವ ಕಡೆಯೆಲ್ಲ ಬೆಳಕು ಬಾಗುತ್ತದೆ. ಬಿಸಿಲ್ಗುದುರೆ ಕಾಣುವುದೂ ಬೆಳಕು ಹೀಗೆ ಬಾಗುವುದರಿಂದಲೇ. ದೂರ ಹೆಚ್ಚಿದಷ್ಟೂ ಆ ಅಲೆ ಜಾಸ್ತಿ, ಶಟರ್ ಎಷ್ಟು ಏರಿಸಿದರೂ ಹೋಗಲ್ಲ. ಬೆಳಗ್ಗೆ ಹೋಗಿ, ಹತ್ತಿರದ ವಿಮಾನ ಹಿಡಿಯಿರಿ.

ಹೊಟ್ಟೆ ಕಪ್ಪಾಗುವುದು ಬೇರೆ ವಿಷಯ. ಬೆಳ್ಳಗಿನ ಆಕಾಶ ನೋಡಿ ಕ್ಯಾಮೆರಾದ ಬೆಳಕಿನ ಮೀಟರ್ ಎಲ್ಲವನ್ನೂ ಕತ್ತಲು ಮಾಡುತ್ತದೆ. ಮೀಟರ್ ಲೆಕ್ಕಕ್ಕಿಂತ ಫೋಟೋ ಬೆಳ್ಳಗೆ ಮಾಡುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ +0.7 ಅಥವಾ +1 ಹಾಕಿ. ಹಿಸ್ಟೋಗ್ರಾಮ್ (ಫೋಟೋದ ಬೆಳಕು-ಕತ್ತಲಿನ ಗ್ರಾಫ್) ಮೇಲೆ ಕಣ್ಣಿರಲಿ, ಫೋಟೋದಲ್ಲಿ ಬಿಳಿ ಬಣ್ಣದ ವಿಮಾನ ಬೇಗ ವಿವರವೇ ಇಲ್ಲದ ಬರೀ ಬಿಳಿಯಾಗಿಬಿಡುತ್ತದೆ.

ಶಟರ್_ಪ್ರೇಮಿ:
ಬಿಸಿಗಾಳಿ ಒಪ್ಪಿದೆ. ಆದರೂ ಒಮ್ಮೆ 1/3200 ನೋಡಿ.

ರನ್‌ವೇ_ಹೊಸಬ:
ಇವತ್ತು ಬೆಳಗ್ಗೆ 7:30ಕ್ಕೆ ಹೋಗಿದ್ದೆ. ಅದೇ ಲೆನ್ಸ್, ಅದೇ 1/2000. ಬಾಗಿಲ ಪಕ್ಕದ ಸಣ್ಣ ಅಕ್ಷರಾನೂ ಓದೋಕೆ ಬರುತ್ತದೆ! ತುಂಬಾ ಖುಷಿಯಾಯಿತು. ಆದರೆ +1 ತಿರುಗಿಸಿದರೂ ಫೋಟೋ ಬೆಳ್ಳಗಾಗುತ್ತಿಲ್ಲ. ಮ್ಯಾನ್ಯುಯಲ್ ಮೋಡ್‌ನಲ್ಲಿದ್ದೇನೆ, ಶಟರ್, ಎಫ್ ಎರಡೂ ನಾನೇ ಇಟ್ಟಿದ್ದು.

ಬೆಳಗಿನ_ಬೆಳಕು:
ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನುವ ಸೆಟ್ಟಿಂಗ್, ಆಟೋದಲ್ಲಿದೆಯಾ, ನೀವೇ ಇಟ್ಟಿದ್ದಾ? ನೀವೇ ಇಟ್ಟಿದ್ದರೆ ಕ್ಯಾಮೆರಾಗೆ ಬದಲಿಸೋಕೆ ಏನೂ ಉಳಿದಿರಲ್ಲ.