ಪದಚರ್ಚೆ: ಘೋಷಣೆಗೆ ಮೊದಲು ಅಭಿಮಾನಿಗಳು ಮಾಡುವುದು ವದಂತಿಯೋ, ಊಹಾಪೋಹವೋ?

ಎಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳಿಂದ ವಿಡಿಯೊ ಗೇಮ್‌ಗಳ ಸುದ್ದಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆಟಗಳ ಲೋಕ ಇಲ್ಲಿ ಹಲವರಿಗೆ ದೂರದ್ದಿರಬಹುದು, ಆದರೆ ನನ್ನ ತೊಡಕು ಪದದ್ದು. ಕಂಪನಿಯೊಂದು ಹೊಸ ಆಟವನ್ನೋ ಯಂತ್ರವನ್ನೋ ಪ್ರಕಟಿಸುವ ಮೊದಲು ಅಭಿಮಾನಿಗಳು ತಿಂಗಳುಗಟ್ಟಲೆ ‘ಏನು ಬಂದೀತು, ಯಾವಾಗ ಬಂದೀತು’ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಆ ಕೆಲಸಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಪತ್ರಿಕೆಗಳು ವದಂತಿ ಎನ್ನುತ್ತವೆ, ಊಹಾಪೋಹ ಎನ್ನುತ್ತವೆ, ಗಾಳಿಸುದ್ದಿ ಎನ್ನುತ್ತವೆ. ಒಂದೇ ವರದಿಯಲ್ಲಿ ಮೂರೂ ಬರುವುದುಂಟು. ನಾನೂ ಹಾಗೆಯೇ ಬರೆಯುತ್ತಿದ್ದೆ. ಈಗ ಕೈ ತಡೆಯುತ್ತಿದೆ.

ತಡೆದದ್ದು ಹೀಗೆ. 2025ರ ಜನವರಿ 16ರಂದು ನಿಂಟೆಂಡೊ ಕಂಪನಿ ಸ್ವಿಚ್ 2 ಎಂಬ ಆಟವಾಡುವ ಯಂತ್ರವನ್ನು ಒಂದು ಕಿರು ವಿಡಿಯೊದಲ್ಲಿ ಮೊದಲ ಬಾರಿಗೆ ತೋರಿಸಿತು. ಅದರಲ್ಲಿ ವಿವರಣೆಯ ಮಾತೇ ಇರಲಿಲ್ಲ. ನನ್ನ ತಂಗಿಯ ಮಗಳು, ಹದಿನಾಲ್ಕರವಳು, ಪಕ್ಕದಲ್ಲಿ ಕುಳಿತು ನೋಡುತ್ತಿದ್ದಳು. ಯಂತ್ರದ ಎರಡು ಬದಿಯ ಹಿಡಿಕೆಗಳು ಕಳಚಿಕೊಂಡು, ಅಂಚಿನ ಮೇಲೆ ನಿಂತು, ಸಮತಟ್ಟಿನ ಮೇಲೆ ಸರ್ರನೆ ಜಾರಿಹೋಗುವ ಒಂದು ದೃಶ್ಯವಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

“ಮಾವ, ನಿಲ್ಲಿಸು. ಸ್ವಲ್ಪ ಹಿಂದಕ್ಕೆ ಹೋಗು” ಎಂದಳು. ಮೂರು ಸಲ ನೋಡಿದಳು. ಆಮೇಲೆ ಮೇಜಿನ ಮೇಲಿದ್ದ ರಬ್ಬರನ್ನು ಅಂಚಿನ ಮೇಲೆ ನಿಲ್ಲಿಸಿ ಬೆರಳಿನಿಂದ ಆಚೀಚೆ ತಳ್ಳಿದಳು. “ಇದು ಮೌಸ್. ಬರೀ ಚೆಂದಕ್ಕೆ ತೋರಿಸುವುದಾಗಿದ್ದರೆ ಗಾಳಿಯಲ್ಲಿ ಹಾರಿಸುತ್ತಿದ್ದರು, ನೆಲದ ಮೇಲೆ ಉಜ್ಜುತ್ತಿರಲಿಲ್ಲ.”

ಅಂದು ಜಗತ್ತಿನ ಅಸಂಖ್ಯ ಅಭಿಮಾನಿಗಳು ಇದೇ ತೀರ್ಮಾನಕ್ಕೆ ಬಂದಿದ್ದರು. ಏಪ್ರಿಲ್ 2ರಂದು ಕಂಪನಿ ಬಾಯಿಬಿಟ್ಟು ಹೇಳಿದಾಗ ಅದು ನಿಜವೇ ಆಗಿತ್ತು. ಬಲಗಡೆಯ ಹಿಡಿಕೆಯಲ್ಲಿ ಕಂಡ ಹೊಸ ಗುಂಡಿ ಏತಕ್ಕೆಂದು ಮಾತ್ರ ಆ ವಿಡಿಯೊದಿಂದ ಬಗೆಹರಿದಿರಲಿಲ್ಲ, ಹತ್ತಾರು ಜನ ಹತ್ತಾರು ರೀತಿ ಹೇಳಿದರು. ಕೊನೆಗೆ ಅದು ಆಡುತ್ತಲೇ ಗೆಳೆಯರೊಡನೆ ಮಾತನಾಡಲು ಇರುವ ಸಿ ಗುಂಡಿ ಎಂದು ತಿಳಿಯಿತು.

ಮರುದಿನದ ವರದಿಗೆ ನಾನು ಕೊಟ್ಟ ಶೀರ್ಷಿಕೆಯಲ್ಲಿ ‘ಮೌಸ್ ವದಂತಿ’ ಎಂದಿತ್ತು. ಓದಿದ ಹುಡುಗಿ ಕೇಳಿದಳು: “ವದಂತಿ ಎಂದರೆ ಯಾರೋ ಹೇಳಿದ್ದು ತಾನೇ? ನನಗೆ ಯಾರೂ ಹೇಳಲಿಲ್ಲವಲ್ಲ.”

ಅವಳ ಮಾತು ಸರಿ. ವದಂತಿ ಎಂಬುದು ಸಂಸ್ಕೃತದಲ್ಲಿ ಕ್ರಿಯಾಪದ, ‘ಅವರು ಹೇಳುತ್ತಾರೆ’ ಎಂದರ್ಥ. ಕಿಂವದಂತಿ ಎಂಬ ಹಳೆಯ ರೂಪದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ: ‘ಏನು ಹೇಳುತ್ತಾರೆ?’ ಹಾಗಾಗಿ ವದಂತಿಗೆ ಒಂದು ಬಾಯಿ ಬೇಕು, ಒಂದು ಕಿವಿ ಬೇಕು. ಕಣ್ಣಿಟ್ಟು ನೋಡಿ ತಾನೇ ಕಂಡುಕೊಂಡದ್ದಕ್ಕೆ ಆ ಹೆಸರು ಒಪ್ಪುವುದಿಲ್ಲ. ಗಾಳಿಸುದ್ದಿ, ಗುಲ್ಲು, ಪುಕಾರು ಇವೆಲ್ಲವೂ ಅದೇ ಬಾಯಿ-ಕಿವಿಯ ಪದಗಳು. ‘ನಮ್ಮ ಮಾವ ಆ ಕಂಪನಿಯಲ್ಲಿ ಕೆಲಸ ಮಾಡುತ್ತಾರೆ, ಅವರೇ ಹೇಳಿದರು’ ಎಂದು ಶಾಲೆಯ ಮಕ್ಕಳು ಹಬ್ಬಿಸುವ ಸುದ್ದಿಗೆ ಇವು ಹೇಳಿಮಾಡಿಸಿದಂತಿವೆ.

ಇನ್ನು ಊಹಾಪೋಹ. ನನ್ನನ್ನು ಹೆಚ್ಚು ಕಾಡಿದ್ದು ಈ ಪದವೇ. ಇದರಲ್ಲಿ ಎರಡು ಪದಗಳಿವೆ, ಊಹ ಮತ್ತು ಅಪೋಹ. ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ ಮುಂದಿಡುವುದು ಊಹ. ಹೊಂದದ್ದನ್ನು ಕಾರಣ ಕೊಟ್ಟು ತಳ್ಳಿಹಾಕುವುದು ಅಪೋಹ. ಹಳೆಯವರು ಧೀಗುಣಗಳನ್ನು, ಅಂದರೆ ಬುದ್ಧಿಯ ಗುಣಗಳನ್ನು ಎಣಿಸುವಾಗ ಶುಶ್ರೂಷೆ, ಶ್ರವಣ, ಗ್ರಹಣ, ಧಾರಣೆಗಳ ಜೊತೆಗೆ ಊಹ, ಅಪೋಹಗಳನ್ನೂ ಸೇರಿಸಿದ್ದಾರೆ. ಅಂತಹ ಪದ ಇಂದು ‘ಊಹಾಪೋಹಗಳಿಗೆ ಕಿವಿಗೊಡಬೇಡಿ’, ‘ಊಹಾಪೋಹಗಳಿಗೆ ತೆರೆ’ ಎಂಬಲ್ಲಿಗೆ ಬಂದು ನಿಂತಿದೆ. ಕಿವಿಗೊಡಬೇಡಿ ಎನ್ನುವಾಗಲೇ ಅದು ವದಂತಿಯ ಸಾಲಿಗೆ ಇಳಿದಿದೆ ಎಂದು ಗೊತ್ತಾಗುತ್ತದೆ.

ಅಭಿಮಾನಿಗಳ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಈ ಹಳೆಯ ಅರ್ಥ ಎಷ್ಟು ಚೆನ್ನಾಗಿ ಕೂಡುತ್ತದೆ ಎಂಬುದು ಹೊಳೆಯುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. 2024ರ ಮೇ 7ರಂದು ನಿಂಟೆಂಡೊ ಅಧ್ಯಕ್ಷ ಶುಂಟಾರೊ ಫುರುಕಾವಾ ಒಂದು ಪುಟ್ಟ ಹೇಳಿಕೆ ಕೊಟ್ಟರು. ಸ್ವಿಚ್‌ನ ಉತ್ತರಾಧಿಕಾರಿ ಯಂತ್ರದ ಬಗ್ಗೆ ಈ ಹಣಕಾಸು ವರ್ಷದೊಳಗೆ ಪ್ರಕಟಣೆ ಮಾಡುತ್ತೇವೆ, ಜೂನ್‌ನಲ್ಲಿ ಹೊಸ ಆಟಗಳನ್ನು ಪರಿಚಯಿಸುವ ನಮ್ಮ ನಿಂಟೆಂಡೊ ಡೈರೆಕ್ಟ್ ವಿಡಿಯೊ ಕಾರ್ಯಕ್ರಮ ಇರುತ್ತದೆ, ಆದರೆ ಅದರಲ್ಲಿ ಈ ಯಂತ್ರದ ಪ್ರಸ್ತಾಪ ಇರುವುದಿಲ್ಲ ಎಂಬುದು ಅದರ ಸಾರ. ಅಭಿಮಾನಿಗಳು ಈ ಕೆಲವು ಸಾಲುಗಳನ್ನು ಶಾಸನ ಓದುವವರಂತೆ ಓದಿದರು. ಹಣಕಾಸು ವರ್ಷ ಮುಗಿಯುವುದು 2025ರ ಮಾರ್ಚ್ 31ಕ್ಕೆ, ಹಾಗಾದರೆ ಅದು ಕೊನೆಯ ಗಡಿ. ಇದು ಊಹ. ಜೂನ್ ಕಾರ್ಯಕ್ರಮದಲ್ಲಿ ಇಲ್ಲವೆಂದು ಅವರೇ ಹೇಳಿದ್ದಾರೆ, ಹಾಗಾದರೆ ಅದನ್ನು ಹೊಡೆದುಹಾಕಿ. ಇದು ಅಪೋಹ. ಹೀಗೆ ಒಂದೊಂದೇ ತಿಂಗಳನ್ನು ತೂಗಿ ನೋಡುತ್ತ, ಕೆಲವನ್ನು ಬಿಡುತ್ತ ಹೋದರು. ಇದನ್ನು ಕಾಡುಹರಟೆಯ ಜೊತೆ ಒಂದೇ ಮೂಟೆಯಲ್ಲಿ ಕಟ್ಟುವುದು ನನಗೆ ಅನ್ಯಾಯವೆನಿಸುತ್ತದೆ.

ಅನುಮಾನ ಪದದ ಕಥೆಯೂ ಇದೇ. ಹೊಗೆ ಕಂಡು ಬೆಂಕಿಯಿದೆ ಎಂದು ತಿಳಿಯುವುದು ತರ್ಕಶಾಸ್ತ್ರದ ಅನುಮಾನ. ಹಿಡಿಕೆ ಜಾರಿದ್ದನ್ನು ಕಂಡು ಮೌಸ್ ಎಂದು ತಿಳಿದದ್ದು ಶುದ್ಧಾಂಗ ಅನುಮಾನ. ಆದರೆ ‘ಅಭಿಮಾನಿಗಳ ಅನುಮಾನ ನಿಜವಾಯಿತು’ ಎಂದು ಬರೆದರೆ ಓದುಗರು ಅವರಿಗೆ ಕಂಪನಿಯ ಮೇಲೆ ಸಂಶಯವಿತ್ತು ಎಂದೇ ತಿಳಿಯುತ್ತಾರೆ. ಕನ್ನಡದಲ್ಲಿ ಆ ಪದ ಗುಮಾನಿಯ ಪಕ್ಕಕ್ಕೆ ಹೋಗಿ ಕುಳಿತುಬಿಟ್ಟಿದೆ. ಅದನ್ನು ಎಬ್ಬಿಸುವುದು ನನ್ನಿಂದಾಗದು.

ಸಂಸ್ಕೃತವನ್ನು ಬಿಟ್ಟು ಕನ್ನಡದ್ದೇ ಪದ ಹುಡುಕಿದಾಗ ಎಣಿಕೆ ಸಿಕ್ಕಿತು. ಎಣಿಸುವುದು ಎಂದರೆ ಲೆಕ್ಕ ಮಾಡುವುದೂ ಹೌದು, ಹೀಗಾದೀತೆಂದು ಮನಸ್ಸಿನಲ್ಲಿ ತಿಳಿಯುವುದೂ ಹೌದು. ‘ಹೀಗಾಗುತ್ತದೆ ಎಂದು ಎಣಿಸಿರಲಿಲ್ಲ’, ‘ಎಣಿಕೆ ತಪ್ಪಿತು’ ಎನ್ನುತ್ತೇವೆ. ರಾಕ್‌ಸ್ಟಾರ್ ಕಂಪನಿಯ ಗ್ರ್ಯಾಂಡ್ ಥೆಫ್ಟ್ ಆಟೊ 6 ಆಟದ ಎರಡನೆಯ ಟ್ರೇಲರ್‌ಗೆ ಕಾಯುತ್ತಿದ್ದವರು ಆ ಕಂಪನಿಯ ಚಿತ್ರಗಳಲ್ಲಿ ಕಂಡ ಚಂದ್ರನ ವೃದ್ಧಿ-ಕ್ಷಯಗಳನ್ನೂ ಬಿಡದೆ ಅದು ಬರುವ ದಿನದ ಲೆಕ್ಕ ಹಾಕಿದ್ದರು. ಎಣಿಕೆಯ ಎರಡೂ ಅರ್ಥಗಳು ಇಲ್ಲಿ ಒಂದೇ ಜೀವದಲ್ಲಿ ಕೂಡಿವೆ. ಟ್ರೇಲರ್ ಬಂದದ್ದು 2025ರ ಮೇ 6ರಂದು, ಯಾರಿಗೂ ಮುನ್ಸೂಚನೆ ಕೊಡದೆ. ‘ಚಂದ್ರನ ಎಣಿಕೆ ತಪ್ಪಿತು’ ಎಂದು ಬರೆದಾಗ ವಾಕ್ಯ ಎಷ್ಟು ಸಲೀಸಾಗಿ ನಿಂತಿತೆಂದರೆ, ನನಗೆ ಈ ಪದದ ಮೇಲೆ ಮೋಹವೇ ಹುಟ್ಟಿದೆ.

ನಾಮಪದಕ್ಕೆ ಇಷ್ಟು ತಡಕಾಡುತ್ತಿರುವಾಗ ಗಮನಕ್ಕೆ ಬಂದ ಇನ್ನೊಂದು ಸಂಗತಿಯಿದೆ. ನಮ್ಮ ಕ್ರಿಯಾಪದಗಳು ಈ ವಿಂಗಡಣೆಯನ್ನು ಮೊದಲಿನಿಂದಲೂ ಮಾಡುತ್ತಲೇ ಬಂದಿವೆ. ‘ಹೊಸ ಯಂತ್ರ ಬರುತ್ತದಂತೆ’ ಎಂದರೆ ಯಾರೋ ಹೇಳಿದ್ದು, ನನ್ನ ಜವಾಬ್ದಾರಿಯಲ್ಲ. ‘ಬರುವಂತಿದೆ’ ಎಂದರೆ ಕುರುಹು ಕಂಡಿದ್ದೇನೆ. ‘ಬಂದೀತು’ ಎಂದರೆ ಕುರುಹು ಇಲ್ಲ, ಆದರೂ ಮನಸ್ಸು ಒಪ್ಪುತ್ತದೆ. ‘ಬರಲಿದೆ’ ಎಂದರೆ ನಿಶ್ಚಯವಾಗಿದೆ. ನಾಲ್ಕು ಪ್ರತ್ಯಯಗಳಲ್ಲಿ ಸುದ್ದಿಯ ಮೂಲ ಎಲ್ಲಿಯದು ಎಂಬುದು ತಿಳಿದುಹೋಗುತ್ತದೆ. ಈ ‘ಅಂತೆ’ಯನ್ನು ವಿಪರೀತ ಬಳಸುವವರನ್ನು ಕಂಡೇ ‘ಅಂತೆಕಂತೆ’ ಎಂಬ ಮಾತನ್ನೂ ಮಾಡಿಕೊಂಡಿದ್ದೇವೆ.

ನನ್ನ ದೂರು ಸುದ್ದಿಬರಹದ ಮೇಲೆ. ಅದು ‘ಅಂತೆ’ಯನ್ನು ಆಡುಮಾತೆಂದು ಹೊರಗಿಟ್ಟು, ಎಲ್ಲವನ್ನೂ ‘ಬರಲಿದೆ ಎಂದು ಹೇಳಲಾಗುತ್ತಿದೆ’ ಎಂಬ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುತ್ತದೆ. ಶೀರ್ಷಿಕೆಗೆ ಜಾಗ ಸಾಲದೆ ‘ಎಂದು ಹೇಳಲಾಗುತ್ತಿದೆ’ ಬಿದ್ದುಹೋದಾಗ ಉಳಿಯುವುದು ‘ಬರಲಿದೆ’. ಅಂತೆ ಎಂಬುದು ಹೀಗೆ ನಿಶ್ಚಯವಾಗಿಬಿಡುತ್ತದೆ. ಕಂಪನಿಯೇ ದಿನ ಹೇಳಿದಾಗಲೂ ‘ಲಿದೆ’ ಹಚ್ಚಲು ನನಗೆ ಅಳುಕು. ಮೇಲೆ ಹೇಳಿದ ರಾಕ್‌ಸ್ಟಾರ್ ಆಟಕ್ಕೆ ಮೊದಲು 2025 ಎಂದಿದ್ದರು, ಆಮೇಲೆ 2026ರ ಮೇ 26 ಎಂದರು, ಆಮೇಲೆ ಅದೇ ವರ್ಷದ ನವೆಂಬರ್ 19 ಎಂದರು.

ಸೋರಿಕೆಯ ಬಗ್ಗೆ ಒಂದು ಮಾತು. ಸೋರುವುದು ತಾನಾಗಿ ಆಗುವ ಕ್ರಿಯೆ. ಮನೆಯ ಮಾಡು ಸೋರುತ್ತದೆ, ಕೊಡ ಸೋರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಅದೇ ಆಟದ ಸುಮಾರು 90 ವಿಡಿಯೊ ತುಣುಕುಗಳು ಹೊರಬಿದ್ದಾಗ ನಡೆದದ್ದು ಕಂಪನಿಯ ಜಾಲಕ್ಕೆ ನುಗ್ಗಿ ಮಾಡಿದ ಕಳವು. ಅದನ್ನೂ ಸೋರಿಕೆ ಎಂದರೆ ತಪ್ಪು ಮಾಡಿನದ್ದಾಗುತ್ತದೆ, ಕಳ್ಳನದ್ದಲ್ಲ. ಅಂಥದ್ದಕ್ಕೆ ‘ಕದ್ದ ತುಣುಕುಗಳು’ ಎಂದೇ ಬರೆಯುತ್ತಿದ್ದೇನೆ.

ಬಿಡುಗಡೆ ಪದದಿಂದ ನನಗೆ ಪೆಟ್ಟು ಬಿದ್ದಿದೆ. ಫುರುಕಾವಾ ಅವರ ಆ ಹೇಳಿಕೆಯನ್ನು ನಾನು ಅಂದು ಕನ್ನಡಕ್ಕೆ ತಂದದ್ದು ‘ಮಾರ್ಚ್ ಒಳಗೆ ಹೊಸ ಯಂತ್ರದ ಮಾಹಿತಿ ಬಿಡುಗಡೆ’ ಎಂದು. ಟ್ರೇಲರ್ ಬಿಡುಗಡೆ, ಪೋಸ್ಟರ್ ಬಿಡುಗಡೆ, ಪಟ್ಟಿ ಬಿಡುಗಡೆ ಎಂದೆಲ್ಲ ಬರೆದು ರೂಢಿಯಾದ ಕೈ. ಅದು ಒಬ್ಬರಿಂದೊಬ್ಬರಿಗೆ ಹೋಗುವಷ್ಟರಲ್ಲಿ ‘ಮಾಹಿತಿ’ ಕಳಚಿಬಿದ್ದು, ಮಾರ್ಚ್ ಒಳಗೆ ಯಂತ್ರವೇ ಬಿಡುಗಡೆ ಎಂದಾಯಿತು. ಯಂತ್ರ ಮಾರಾಟಕ್ಕೆ ಬಂದದ್ದು ಜೂನ್ 5ರಂದು. ನಡುವಿನ ಎರಡು ತಿಂಗಳು ‘ನೀವೇ ಬರೆದಿದ್ದಿರಲ್ಲ’ ಎಂಬ ಪತ್ರಗಳಿಗೆ ಉತ್ತರ ಬರೆದೆ. ಈಗ ಮೂರು ಹಂತಗಳಿಗೆ ಮೂರು ಪದ ಇಟ್ಟುಕೊಂಡಿದ್ದೇನೆ: ಇಂಥದ್ದೊಂದಿದೆ ಎಂದು ಹೇಳುವುದು ಪ್ರಕಟಣೆ, ರೂಪ ತೋರಿಸುವುದು ಅನಾವರಣ, ಮಾರಾಟಕ್ಕೆ ಬರುವುದು ಮಾತ್ರ ಬಿಡುಗಡೆ. ಮೆಟ್ರಾಯ್ಡ್ ಪ್ರೈಮ್ 4 ಎಂಬ ಆಟದ ಪ್ರಕಟಣೆ 2017ರ ಜೂನ್‌ನಲ್ಲಿ ಒಂದು ಹೆಸರಿನ ಲಾಂಛನವನ್ನಷ್ಟೇ ತೋರಿಸಿ ಆಯಿತು, ಅನಾವರಣ 2024ರ ಜೂನ್‌ನಲ್ಲಿ, ಬಿಡುಗಡೆ 2025ರ ಡಿಸೆಂಬರ್ 4ರಂದು. ಈ ಮೂರಕ್ಕೂ ಬಿಡುಗಡೆ ಎಂದೇ ಬರೆದರೆ ಓದುಗರು ಎಂಟು ವರ್ಷ ಏನೆಂದು ತಿಳಿಯಬೇಕು?

ಒಂದು ಪದಕ್ಕೆ ಇಷ್ಟು ಜಗ್ಗಾಟವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆಟಗಳ ಚರಿತ್ರೆಯಲ್ಲೇ ಇದಕ್ಕೊಂದು ಉತ್ತರವಿದೆ. 1991ರ ಸ್ಟ್ರೀಟ್ ಫೈಟರ್ 2 ಆಟದಲ್ಲಿ ರ‍್ಯೂ ಎಂಬ ಪಾತ್ರ ಗೆದ್ದಾಗ ಜಪಾನಿ ಭಾಷೆಯಲ್ಲಿ ಹೇಳುವುದು, ನನ್ನ ಶೋರ್ಯುಕೆನ್ ಪಟ್ಟನ್ನು ಮುರಿಯದೆ ನಿನಗೆ ಗೆಲುವಿಲ್ಲ ಎಂದು. ಆ ಪಟ್ಟಿನ ಹೆಸರನ್ನು ಜಪಾನಿಯಲ್ಲಿ ಬರೆಯುವುದು ಚೀನೀ ಮೂಲದ ಅಕ್ಷರಗಳಲ್ಲಿ, ಅದರ ಮೊದಲ ಎರಡು ಅಕ್ಷರಗಳನ್ನು ಇಂಗ್ಲಿಷಿಗೆ ತಂದವರು ಚೀನೀ ಉಚ್ಚಾರಣೆಯಲ್ಲಿ ‘ಶೆಂಗ್ ಲಾಂಗ್’ ಎಂದು ಬರೆದರು. ಇಂಗ್ಲಿಷಿನಲ್ಲಿ ಆಡಿದವರಿಗೆ ಅದು ‘ಶೆಂಗ್ ಲಾಂಗ್‌ನನ್ನು ಸೋಲಿಸದೆ ನಿನಗೆ ಗೆಲುವಿಲ್ಲ’ ಎಂದು ಕೇಳಿಸಿತು. ಪಟ್ಟು ಮನುಷ್ಯನಾಯಿತು. ಯಾರೀ ಶೆಂಗ್ ಲಾಂಗ್, ಎಲ್ಲಿ ಅಡಗಿದ್ದಾನೆ ಎಂದು ಆಟಗಾರರು ಹುಡುಕತೊಡಗಿದರು. 1992ರ ಏಪ್ರಿಲ್ ಸಂಚಿಕೆಯಲ್ಲಿ ಇಲೆಕ್ಟ್ರಾನಿಕ್ ಗೇಮಿಂಗ್ ಮಂತ್ಲಿ ಪತ್ರಿಕೆ ಏಪ್ರಿಲ್ ಫೂಲ್ ತಮಾಷೆಗೆಂದು ಅವನನ್ನು ಹೊರಗೆ ಬರಿಸುವ ವಿಧಾನವನ್ನೂ ಅಚ್ಚು ಹಾಕಿತು. ಒಂದೂ ಪೆಟ್ಟು ತಿನ್ನದೆ ಕೊನೆಯ ಎದುರಾಳಿಯವರೆಗೆ ಹೋಗಿ, ಅವನನ್ನು ಮುಟ್ಟದೆ, ಅವನಿಂದ ಮುಟ್ಟಿಸಿಕೊಳ್ಳದೆ ಸುತ್ತಿನ ಮೇಲೆ ಸುತ್ತು ಕಳೆಯಬೇಕು ಎಂದು ಅದರಲ್ಲಿತ್ತು. ಎಷ್ಟೋ ಮಂದಿ ನಂಬಿ ಪ್ರಯತ್ನಪಟ್ಟರು. ಅವರ ತರ್ಕದಲ್ಲಿ ದೋಷವಿರಲಿಲ್ಲ, ಕೈಗೆ ಸಿಕ್ಕ ವಾಕ್ಯವೇ ತಪ್ಪಾಗಿತ್ತು. ಕನ್ನಡದಲ್ಲಿ ಅಂತಹ ವಾಕ್ಯ ನನ್ನ ಕೈಯಿಂದ ಹೋಗಬಾರದು ಎಂಬುದು ನನ್ನ ಆಸೆ.

ಈಗ ನನ್ನ ಪ್ರಶ್ನೆಗಳು. ಊಹಾಪೋಹ ಪದವನ್ನು ‘ಕೂಲಂಕಷ ವಿಚಾರ’ ಎಂಬ ಒಳ್ಳೆಯ ಅರ್ಥದಲ್ಲಿ ಇಪ್ಪತ್ತನೆಯ ಶತಮಾನದ ಕನ್ನಡ ಗದ್ಯದಲ್ಲಿ ಯಾರಾದರೂ ಓದಿದ್ದೀರಾ? ಇದ್ದರೆ ವಾಕ್ಯವನ್ನು ಪೂರ್ತಿ ಕಳುಹಿಸಿ. ಪದ ಯಾವಾಗ ಜಾರಿತು ಎಂದು ತಿಳಿಯಬೇಕಾಗಿದೆ. ‘ಎಣಿಕೆ’ಯನ್ನು ಶೀರ್ಷಿಕೆಯಲ್ಲಿ ಒಂಟಿಯಾಗಿ ಕಂಡರೆ ನಿಮಗೆ ಮೊದಲು ಹೊಳೆಯುವುದು ಮತ ಎಣಿಕೆಯೋ, ಮನಸ್ಸಿನ ಎಣಿಕೆಯೋ? ‘ಅಭಿಮಾನಿಗಳ ಎಣಿಕೆ’ ಎಂದರೆ ಎಷ್ಟು ಜನ ಅಭಿಮಾನಿಗಳು ಎಂದು ಲೆಕ್ಕ ಮಾಡಿದಂತೆ ಕೇಳಿಸುತ್ತದೆಯೇ ಎಂಬ ಭಯವೊಂದಿದೆ. ತಂಗಿಯ ಮಗಳನ್ನು ಕೇಳಿದರೆ ‘ಪತ್ತೆ’ ಎಂದು ಬರೆ ಎನ್ನುತ್ತಾಳೆ. ಅವಳಿಗೆ ಪತ್ತೆಯಾದದ್ದು ನಿಜ, ಆದರೆ ಆ ಸಿ ಗುಂಡಿಯ ವಿಷಯದಲ್ಲಿ ತಪ್ಪಿದವರ ಕೆಲಸವನ್ನೂ ಅದೇ ಪದ ಹಿಡಿದಿಡಬೇಕಲ್ಲ. ನಿಮ್ಮ ಮಾತಿನಲ್ಲಿ ಇದಕ್ಕೆ ಬೇರೆ ಪದವಿದ್ದರೆ, ಅದು ಯಾವ ಸಂದರ್ಭದಲ್ಲಿ ಬಳಕೆಯಾಗುತ್ತದೆ ಎಂಬುದರೊಡನೆ ತಿಳಿಸಿ.