ಆ ಹಂಡೆಗೆ ಬಿದ್ದದ್ದು ಯಾರು?

ದೀಪಾವಳಿಗೆ ನಾಲ್ಕು ದಿನ ಇರುವಾಗ ನಮ್ಮ ಕುಟುಂಬದ ಗುಂಪಿನಲ್ಲಿ ನಡೆದ ಮಾತುಕತೆ ಇದು. ಗುಂಪಿನಲ್ಲಿ ಅರ್ಧ ಮಂದಿ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲದವರು. ಉಳಿದವರು ಮಂಗಳೂರು, ಬೆಂಗಳೂರು. ಸುಮತಿ ಅತ್ತೆಯನ್ನು ಕೇಳಿಯೇ ಇಲ್ಲಿ ಹಾಕಿದ್ದೇನೆ.

ಗಣೇಶ ಭಾವ: (ಫಾರ್ವರ್ಡ್) 1971ರ ಕೊರವಂಜಿ ಹಾಸ್ಯಪತ್ರಿಕೆಯಲ್ಲಿ ನಾ. ಕಸ್ತೂರಿ ಬರೆದ ದೀಪಾವಳಿ ನಗೆಬರಹ. ಹೊಸ ಅಳಿಯ ಮೈಗೆ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೋದರೆ ಹಂಡೆಯೊಳಗೆ ದಪ್ಪನೆಯ ಅತ್ತೆ…

ಗಣೇಶ ಭಾವ: ಪೂರ್ತಿ ಓದಿ. ನನಗೆ ನಮ್ಮತ್ತೆಯ ನೆನಪಾಯಿತು.

ಗೀತಕ್ಕ: ಯಾವ ಅತ್ತೆ? ನನ್ನ ಅಮ್ಮನಾ?

ಗಣೇಶ ಭಾವ: ಸುಮ್ನೆ ಹೇಳಿದ್ದು ಮಾರಾಯ್ತಿ.

ರವಿಯಣ್ಣ: ಮೂಲ ಎಲ್ಲಿ ಭಾವ? ರಾಶಿಯವರ (ಡಾ. ಎಂ. ಶಿವರಾಂ) ಕೊರವಂಜಿ 1942ರಲ್ಲಿ ಶುರುವಾಗಿ 1967ರಲ್ಲಿ ನಿಂತಿತು. ನಿಂತ ಪತ್ರಿಕೆಗೆ 1971ರಲ್ಲಿ ಬರೆದದ್ದು ಹೇಗೆ?

ಗಣೇಶ ಭಾವ: ನಿಮಗೆ ನಗಲಿಕ್ಕೂ ರಶೀದಿ ಬೇಕಾ?

ರವಿಯಣ್ಣ: ಹೋದ ವರ್ಷ ನೀವು ಹಾಕಿದ ರಜೆಯ ಸುದ್ದಿ ನಂಬಿ ಮಕ್ಕಳನ್ನು ಶಾಲೆಗೆ ಕಳಿಸಲಿಲ್ಲ. ಅದರ ಮೂಲವೂ ಇನ್ನೂ ಬಂದಿಲ್ಲ.

ದೊಡ್ಡಪ್ಪ: ಹಬ್ಬದ ಹೊತ್ತಿನಲ್ಲಿ ಹಿರಿಯರನ್ನು ತಮಾಷೆ ಮಾಡುವುದು ಸಂಸ್ಕಾರ ಅಲ್ಲ. ನಮ್ಮ ಕಾಲದಲ್ಲಿ ಹೀಗಿರಲಿಲ್ಲ.

ಗೀತಕ್ಕ: ನನ್ನ ಮದುವೆಗೆ ಬಾರದೆ ಇದ್ದದ್ದು ಸಂಸ್ಕಾರವಾ ದೊಡ್ಡಪ್ಪ?

ದೊಡ್ಡಪ್ಪ: ಮದುವೆಯ ಕಾಗದದಲ್ಲಿ ನನ್ನ ಹೆಸರು ಕೆಳಗೆ ಹಾಕಿಸಿದ್ದು ಯಾರು?

ಪುಟ್ಟಣ್ಣ: ಹಂಡೆ ಅಂದಾಗ ಅಜ್ಜನ ಮನೆ ನೆನಪಾಯಿತು. ಹಂಡೆ ತಿಕ್ಕಿ, ಶೇಡಿಯ (ಬಿಳಿ ಮಣ್ಣಿನ) ಗೆರೆ ಎಳೆದು, ಕಾಡುಬಳ್ಳಿ ಸುತ್ತಿ, ಬಾವಿಯಿಂದ ನೀರು ಸೇದಿ ತುಂಬಿಸುತ್ತಿದ್ದೆವು. ಆಮೇಲೆ ಬಲೀಂದ್ರನಿಗೆ ‘ಕೂ’ ಹಾಕಿ ಕರೆಯುವುದು. ನಮ್ಮ ಕಾಸರಗೋಡಿಗೆ ಬಲಿ ವರ್ಷಕ್ಕೆ ಎರಡು ಸಲ ಬರುತ್ತಾನೆ ಅಲ್ವಾ? ಓಣಂಗೆ ಒಮ್ಮೆ, ದೀಪಾವಳಿಗೆ ಒಮ್ಮೆ. ಆದರೆ ಓಣಂಗೆ ಹತ್ತು ದಿನ ರಜೆ, ದೀಪಾವಳಿಗೆ ಒಂದೇ ದಿನ. ಮಂಗಳೂರಿನ ನೀವೆಲ್ಲ ಕೊಟ್ಟೆ ಕಡುಬು ತಿನ್ನುತ್ತಾ ಕೂತಿದ್ದಿರಿ. ನಾವು ಚೀಲ ಹಿಡಿದು ಶಾಲೆಗೆ.

ರವಿಯಣ್ಣ: ವಿಷಯಕ್ಕೆ ಬಾ ಪುಟ್ಟ.

ಪುಟ್ಟಣ್ಣ: ವಿಷಯವೇ ಇದು. ಆ ತಾಮ್ರದ ಹಂಡೆ ಮಾರಿದ್ದು ಯಾರು?

ದೊಡ್ಡಪ್ಪ: ಹಂಡೆಯ ಮಾತು ಇಲ್ಲಿ ಬೇಡ.

ಇಷ್ಟಾಗುವಾಗ ನಾನು ಆ ಫಾರ್ವರ್ಡನ್ನು ನಿಧಾನಕ್ಕೆ ಓದಿದೆ. ಕೊನೆಯ ಸಾಲು ನೋಡಿ ಎದೆ ಧಸಕ್ಕೆಂದಿತು: “ಒಳಗಿನಿಂದ ಅಯ್ಯೋ ಅಂದರೂ ಹೊರಗೆ ಕೂ ಎಂದೇ ಕೇಳಿಸಿತು.” ಅದು ಸುಮತಿ ಅತ್ತೆಯ ಸಾಲು. ಒಂಬತ್ತನೇ ಕ್ಲಾಸಿನಲ್ಲಿ ಶಾಲೆಯ ಕೈಬರಹದ ಪತ್ರಿಕೆಗೆ ಅವರು ಬರೆದದ್ದು. ಮೂರು ವರ್ಷದ ಹಿಂದೆ ನಾನೇ ಅದನ್ನು ಟೈಪ್ ಮಾಡಿ, ಅವರ ಹೆಸರು ಹಾಕಿ, ಇದೇ ಗುಂಪಿಗೆ ಕಳಿಸಿದ್ದೆ. ಉತ್ತರವಾಗಿ ಬಂದದ್ದೆಲ್ಲ ‘ಶುಭ ದೀಪಾವಳಿ’.

ನಾನು ಬರೆದೆ: ಇದು ಸುಮತಿ ಅತ್ತೆಯದ್ದು. ಅವರು ಬರೆದದ್ದರಲ್ಲಿ ಅಳಿಯನೂ ಇಲ್ಲ, ದಪ್ಪ ಅತ್ತೆಯೂ ಇಲ್ಲ. ಹದಿಮೂರು ವರ್ಷದ ಹುಡುಗಿ ಹುಣಸೆಹುಳಿ ಹಾಕಿ ಹಂಡೆಯ ತಳ ತಿಕ್ಕುತ್ತಾ ತಲೆ ಕೆಳಗಾಗಿ ಒಳಗೆ ಸಿಕ್ಕಿಬಿದ್ದಳು. ಅವಳು ಕೂಗಿದ್ದು ಬಲೀಂದ್ರನ ಕೂ ಎಂದುಕೊಂಡು ಅಂಗಳದಲ್ಲಿದ್ದ ಯಾರೋ ತಿರುಗಿ ‘ಕೂ’ ಹಾಕಿದರು. ಅಜ್ಜ ಹೊರಗಿನಿಂದಲೇ “ಬಲೀಂದ್ರನಿಗೆ ಇನ್ನೂ ದಿನ ಇದೆ, ಈಗಲೇ ಯಾಕೆ ಅವಸರ?” ಎಂದು ಗದರಿದರು. ತಾನು ಬಿದ್ದದ್ದನ್ನು ತಾನೇ ಹೇಳಿ ನಗಿಸಿದ್ದು ಅದು. ಬೇರೆಯವರು ಅದನ್ನು ತಿರುಚಿ ಒಬ್ಬಳು ಹೆಂಗಸನ್ನು ಹಂಡೆಗೆ ತಳ್ಳಿದ್ದಾರೆ. ಹಬ್ಬದ ಕಥೆಗಳಲ್ಲಿ ನನಗೆ ಇಷ್ಟವಾಗುವುದು ಮೊದಲನೆಯ ನಗು. ಎರಡನೆಯದ್ದರಿಂದ ಮನೆಯಲ್ಲಿ ಯಾರೋ ಒಬ್ಬರು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಗೀತಕ್ಕನ ಅಮ್ಮ ಈ ಗುಂಪಿನಲ್ಲೇ ಇದ್ದಾರೆ.

ಇನ್ನೊಂದು ಮಾತು. 1897ರಲ್ಲಿ ತೃಪ್ಪೂಣಿತ್ತುರದಲ್ಲಿ ಹುಟ್ಟಿ, ಮೈಸೂರಿಗೆ ಬಂದು ಕನ್ನಡ ಕಲಿತು, ಕನ್ನಡಿಗರನ್ನು ನಗಿಸಿದವರು ಕಸ್ತೂರಿ. ಕೇರಳದಲ್ಲಿದ್ದುಕೊಂಡು ಕನ್ನಡ ಓದುವ ನಾವು ಅವರ ಹೆಸರನ್ನು ಹೀಗೆ ಕಂಡಕಂಡದ್ದಕ್ಕೆಲ್ಲ ಅಂಟಿಸಬಾರದು.

ರವಿಯಣ್ಣ: ಮೂಲ ಸಿಕ್ಕಿತು. ನಾನು ಆಗಲೇ ಹೇಳಿದೆ.

ದೊಡ್ಡಪ್ಪ: ಸುಮತಿ ಬರೆಯುತ್ತಿದ್ದಳಾ? ನನಗೆ ಯಾರೂ ಹೇಳಲಿಲ್ಲ.

ಗಣೇಶ ಭಾವ: ಆದರೂ ಅತ್ತೆ ಬಿದ್ದರೆ ನಗು ಜಾಸ್ತಿ.

ಗೀತಕ್ಕ: ಈ ಹಬ್ಬಕ್ಕೆ ನಿಮ್ಮ ಎಣ್ಣೆ ನೀವೇ ಹಚ್ಚಿಕೊಳ್ಳಿ.

ಭಾವ ಫಾರ್ವರ್ಡ್ ಅಳಿಸಿದರು. ಸಂಜೆ ಸುಮತಿ ಅತ್ತೆಯ ಧ್ವನಿ ಬಂತು. ಮೊದಲು ಬರೀ ನಗು. ಆಮೇಲೆ ಹೇಳಿದರು: “ತಿರುಗಿ ಕೂ ಹಾಕಿದ್ದು ನನ್ನ ಅಣ್ಣ, ನಿಮ್ಮ ದೊಡ್ಡಪ್ಪ. ಪೆಟ್ಟು ಬಿದ್ದೀತು ಅಂತ ಆಗ ಅವನ ಹೆಸರು ಬರೆಯಲಿಲ್ಲ.”

ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ ಎಂದು ತುಂಬಾ ಹೊತ್ತು ತೋರಿಸಿತು.

ದೊಡ್ಡಪ್ಪ: ಕೂ ಹಾಕಿದ್ದು ನಾನೇ. ಹಂಡೆ ಮಾರಿದ್ದು ನಾನಲ್ಲ.