ಬೆಳಗ್ಗೆ ಕರೆಂಟು ಹೋಗಿ ಬಂದರೆ ಇಎಸ್‌ಪಿ32 ಏಳುವುದೇ ಇಲ್ಲ, ಸಂಜೆ ಏನೂ ತೊಂದರೆ ಇಲ್ಲ

ಪೆರ್ಲ_ತೋಟ
ತಲೆ ಕೆಟ್ಟು ಹೋಗಿದೆ ಮಾರಾಯ್ರೆ. ಅಡಿಕೆ ತೋಟದ ಪಂಪು ತಾನೇ ಆನ್ ಆಫ್ ಆಗಲಿಕ್ಕೆ ಇಎಸ್‌ಪಿ32 (ವೈಫೈ ಇರುವ ಸಣ್ಣ ಕಂಟ್ರೋಲರ್ ಬೋರ್ಡು) ಹಾಕಿ ಮೂರು ವಾರ ಆಯಿತು. ಮೇಜಿನ ಮೇಲೆ ಒಂದು ವಾರ ಓಡಿಸಿ ನೋಡಿದ ಮೇಲೆಯೇ ಶೆಡ್ಡಿಗೆ ಒಯ್ದದ್ದು. ಈಗ ಬೆಳಗ್ಗೆ ಕರೆಂಟು ಹೋಗಿ ಬಂದರೆ ಬೋರ್ಡು ಸತ್ತ ಹಾಗೆ. ಕೆಂಪು ಎಲ್‌ಇಡಿ ಉರಿಯುತ್ತದೆ, ವೈಫೈಗೆ ಬರುವುದಿಲ್ಲ. ಇಎನ್ (ರೀಸೆಟ್) ಬಟನ್ ಹತ್ತು ಸಲ ಒತ್ತಿದರೂ ಅಷ್ಟೇ. ಸಂಜೆ ಕರೆಂಟು ಹೋಗಿ ಬಂದರೆ ತಾನೇ ಏಳುತ್ತದೆ! ಬೋರ್ಡು ಬದಲಿಸಿದೆ, ಅದೂ ಹಾಗೇ. ಇಬ್ಬನಿಯಿಂದ ಹೀಗಾಗುತ್ತದಾ? ಕೋಡ್ ಸರಿ ಉಂಟು, ಅದರ ಬಗ್ಗೆ ಕೇಳಬೇಡಿ. "ಸ್ಟಾರ್ಟರಿನ ಹಸಿರು ಬಟನ್ನಿಗೆ ಎಂತ ಆಗಿತ್ತು?" ಅಂತ ಅಪ್ಪ ದಿನಾ ಕೇಳ್ತಾರೆ.

ಕುಂಬಳೆ_ವೋಲ್ಟ್
ಪವರ್ ಸಮಸ್ಯೆ. ಬೇರೆ ಎಂತದೂ ಅಲ್ಲ. ವೈಫೈ ಶುರುವಾಗುವಾಗ ಆ ಚಿಪ್ಪು ಒಂದು ಕ್ಷಣಕ್ಕೆ ಅರ್ಧ ಆಂಪಿಯರ್ ಹತ್ತಿರ ಎಳೆಯುತ್ತದೆ. ಬೋರ್ಡಿನ ಮೇಲಿರುವ ಎಎಂಎಸ್1117 ರೆಗ್ಯುಲೇಟರ್ ತನಗೇ 1.1 ವೋಲ್ಟು ಇಟ್ಟುಕೊಳ್ಳುತ್ತದೆ. ಚಾರ್ಜರ್ 5ರಿಂದ 4.3ಕ್ಕೆ ಕುಸಿದರೆ ಚಿಪ್ಪಿಗೆ 3.3 ಎಲ್ಲಿಂದ ಬರಬೇಕು? 3.3ಕ್ಕೂ ಗ್ರೌಂಡಿಗೂ ನಡುವೆ 470 ಮೈಕ್ರೋಫ್ಯಾರಡ್ ಹಾಕಿ.

ಪೆರ್ಲ_ತೋಟ
1000 ಹಾಕಿದೆ. ಚಾರ್ಜರೂ 2 ಆಂಪಿಯರಿನದ್ದು ತಂದೆ. ಇವತ್ತು ಬೆಳಗ್ಗೆ ಮತ್ತೆ ಅದೇ ಕತೆ.

ಕುಂಬಳೆ_ವೋಲ್ಟ್
ಹಾಗಾದರೆ ಕೇಬಲ್ಲು. ಸಪೂರ ಕೇಬಲ್ಲಿನಲ್ಲೇ ಅರ್ಧ ವೋಲ್ಟು ಹೋಗುತ್ತದೆ.

ಬದಿಯಡ್ಕ_555
ಪಂಪಿಗೆ ಕರೆಂಟು ಕೊಡುವ ಕಾಂಟ್ಯಾಕ್ಟರಿನ ಕಾಯಿಲ್ ಬಿಡುವಾಗ ಬರುವ ಸ್ಪೈಕ್ ಇರಬಹುದಲ್ವಾ? ಕಾಯಿಲ್‌ಗೆ ಅಡ್ಡವಾಗಿ 100 ಓಮ್ ಮತ್ತು 0.1 ಮೈಕ್ರೋಫ್ಯಾರಡಿನ, ಸ್ಪೈಕ್ ತಡೆಯುವ ಸ್ನಬ್ಬರ್ ಹಾಕಿ ನೋಡಿ. ಮೇನ್ಸಿಗೆ ಅಂತಲೇ ಮಾಡಿದ ಎಕ್ಸ್2 ಕೆಪಾಸಿಟರೇ ಆಗಬೇಕು, ಸಾದಾ ಹಾಕಬೇಡಿ.

ಕುಂಬಳೆ_ವೋಲ್ಟ್
ಬೋರ್ಡು ಏಳುವ ಮೊದಲು ರಿಲೇ ಎಳೆಯುವುದು ಯಾರು? ಸುಮ್ನೆ ಗೊಂದಲ ಮಾಡಬೇಡಿ. ಕೇಬಲ್ ಬದಲಿಸಲಿ.

ಮಂಜೇಶ್ವರ_ಬಿಟ್
ಪಂಪ್ ಆನ್ ಆಫ್ ಮಾಡಲಿಕ್ಕೆ ಎರಡು ಕೋರಿನ ಚಿಪ್ಪು! ಬ್ಲೂ ಪಿಲ್ (ಎಸ್‌ಟಿಎಂ ಚಿಪ್ಪಿನ ಸಣ್ಣ ಬೋರ್ಡು) ಸಾಕಿತ್ತು. 72 ಮೆಗಾಹರ್ಟ್ಸ್, ಬೂಟಿನ ತಕರಾರು ಇಲ್ಲ.

ಬದಿಯಡ್ಕ_555
ವೈಫೈ ಎಲ್ಲಿಂದ ತರ್ತೀರಿ? ಅಲ್ಲದೆ ಈಗ ಬ್ಲೂ ಪಿಲ್ ಅಂತ ಬರುವುದರಲ್ಲಿ ಅಸಲಿ ಎಸ್‌ಟಿಎಂ ಚಿಪ್ಪು ಎಷ್ಟರಲ್ಲಿ ಉಂಟು?

ಮಂಜೇಶ್ವರ_ಬಿಟ್
ನಾನು ತಂದ ನಾಲ್ಕೂ ಅಸಲಿ.

ಬದಿಯಡ್ಕ_555
ಸರಿ ಬಿಡಿ.

ಹಳೇ_ಸೋಲ್ಡರ್
ಪೆರ್ಲದವರೆ, ಇಷ್ಟು ಮಾತಾಯಿತು, ಯಾವ ಪಿನ್ನಿಗೆ ಎಂತದ್ದು ಸೇರಿಸಿದ್ದೀರಿ ಅಂತ ಯಾರೂ ಕೇಳಲಿಲ್ಲ, ನೀವೂ ಹೇಳಲಿಲ್ಲ. ಏಳದೇ ಇರುವಾಗ ಲ್ಯಾಪ್‌ಟಾಪ್ ಚುಚ್ಚಿ, 115200ರಲ್ಲಿ ಸೀರಿಯಲ್ ಮಾನಿಟರ್ ತೆರೆದು ನೋಡಿ. ಇನ್ನೊಂದು, ಬೆಳಗ್ಗೆಗೂ ಸಂಜೆಗೂ ನಿಮ್ಮ ತೋಟದಲ್ಲಿ ಇಬ್ಬನಿ ಬಿಟ್ಟು ಬೇರೆ ಎಂತ ವ್ಯತ್ಯಾಸ ಉಂಟು?

ಪೆರ್ಲ_ತೋಟ
ಮಾವ, ಶೆಡ್ಡು ಇರುವುದು ಗುಡ್ಡದ ಬುಡದಲ್ಲಿ. ಲ್ಯಾಪ್‌ಟಾಪ್ ಹಿಡಿದು 120 ಮೆಟ್ಟಿಲು ಇಳಿಯಬೇಕು. ನಾಳೆ ನೋಡುತ್ತೇನೆ.

ಪೆರ್ಲ_ತೋಟ
ಇಳಿದೆ. ಒಂದೇ ಸಾಲು ಮತ್ತೆ ಮತ್ತೆ ಓಡುತ್ತಾ ಉಂಟು: "ಫ್ಲ್ಯಾಶ್ ರೀಡ್ ಎರರ್, 1000". ಅದರ ಮೇಲೆ ಬೂಟ್ ಎದುರು ಹೆಕ್ಸ್ 33. ಬ್ರೌನ್‌ಔಟ್ (ವೋಲ್ಟು ಕುಸಿದದ್ದು) ಅಂತ ಎಲ್ಲಿಯೂ ಇಲ್ಲ.
ಪಿನ್ನು: ರಿಲೇ 26ಕ್ಕೆ. ಟಾಂಕಿಯ ಫ್ಲೋಟ್ ಸ್ವಿಚ್ಚು 12ಕ್ಕೆ. ಅದರ ಒಂದು ತಂತಿ 3.3ಕ್ಕೆ, ಇನ್ನೊಂದು ಪಿನ್ನಿಗೆ, ಪಿನ್ನಿನಿಂದ ಗ್ರೌಂಡಿಗೆ 10ಕೆ ರೆಸಿಸ್ಟರ್. ಟಾಂಕಿ ತುಂಬಿದರೆ ಸ್ವಿಚ್ಚು ಕೂಡುತ್ತದೆ, ಆಗ ಪಂಪು ಶುರುವಾಗಿ ಅಡಿಕೆಗೆ ನೀರು ಹೋಗುತ್ತದೆ. ಒಂದು ಸ್ವಿಚ್ಚಿನ ಬಗ್ಗೆ ಹೇಳಲಿಕ್ಕೆ ಎಂತ ಉಂಟು ಅಂತ ಬರೆಯಲಿಲ್ಲ.
ವ್ಯತ್ಯಾಸ ಅಂದರೆ, ನಮ್ಮದು ಗುಡ್ಡ ಕೊರೆದ ಸುರಂಗದ ನೀರು. ಮುರಕಲ್ಲಿನ ಒಳಗಿನಿಂದ ಬೆರಳು ಗಾತ್ರದ ಧಾರೆ, ರಾತ್ರಿಯಿಡೀ ತಾನೇ ಬಂದು ಬೀಳುತ್ತದೆ. ಬೆಳಗ್ಗೆ ಟಾಂಕಿ ತುಂಬಿರುತ್ತದೆ. ಸಂಜೆಗೆ ಖಾಲಿ.

ಹಳೇ_ಸೋಲ್ಡರ್
ಹಾಂ. ಇಬ್ಬನಿಯೂ ಅಲ್ಲ, ಚಾರ್ಜರೂ ಅಲ್ಲ. ತುಂಬಿದ ಟಾಂಕಿ.
12 ಸ್ಟ್ರಾಪಿಂಗ್ ಪಿನ್ನು. ಚಿಪ್ಪು ಕಣ್ಣು ಬಿಡುವ ಹೊತ್ತಿಗೆ ಅದನ್ನು ಓದಿ ಫ್ಲ್ಯಾಶಿಗೆ (ಕೋಡ್ ಇರುವ ಮೆಮೊರಿಗೆ) ಎಷ್ಟು ವೋಲ್ಟು ಕೊಡಬೇಕು ಅಂತ ತೀರ್ಮಾನಿಸುತ್ತದೆ. ಪಿನ್ನು ಕೆಳಗಿದ್ದರೆ (ಗ್ರೌಂಡಿನಲ್ಲಿ) 3.3, ಮೇಲಿದ್ದರೆ 1.8. ಟಾಂಕಿ ತುಂಬಿ ಸ್ವಿಚ್ಚು ಕೂಡಿದರೆ ಪಿನ್ನು ಮೇಲೆ. ಇಂಥ ಬೋರ್ಡಿನ ಮೇಲಿರುವ ವ್ರೂಮ್-32 ಮಾಡ್ಯೂಲಿನ ಫ್ಲ್ಯಾಶು 3.3ರದ್ದು. 1.8 ಕೊಟ್ಟರೆ ಓದಲಿಕ್ಕೆ ಆಗುವುದಿಲ್ಲ, ಸಿಕ್ಕಿಬಿದ್ದ ಚಿಪ್ಪನ್ನು ಎಬ್ಬಿಸುವ ವಾಚ್‌ಡಾಗ್ ರೀಸೆಟ್ ಮಾಡುತ್ತದೆ, ಮತ್ತೆ ಅದೇ. ಸಾದಾ ಬೂಟಿಗೆ ಹೆಕ್ಸ್ 13 ಬರಬೇಕು. ನಿಮ್ಮ 33ರಲ್ಲಿ ಜಾಸ್ತಿ ಇರುವ 20 ಅದೇ 12ನೇ ಪಿನ್ನಿನದ್ದು. ಎದ್ದ ಮೇಲೆ ಆ ಪಿನ್ನು ಏರಿದರೂ ಇಳಿದರೂ ಅಡ್ಡಿಯಿಲ್ಲ. ಅದಕ್ಕೇ ಕರೆಂಟು ಹೋಗದ ದಿನ ಗೊತ್ತಾಗಲಿಲ್ಲ. ಮೇಜಿನ ಮೇಲೆ ಫ್ಲೋಟು ನೇತಾಡುತ್ತಾ ಇದ್ದಿರಬೇಕು.
ಆ ತಂತಿ ಎಳೆದು ತೆಗೆದು ಇಎನ್ ಒತ್ತಿ.

ಪೆರ್ಲ_ತೋಟ
ತೆಗೆದೆ, ಒತ್ತಿದೆ, ಎದ್ದಿತು. ಎರಡು ಸೆಕೆಂಡು ಹಿಡಿಯಲಿಲ್ಲ. ತಂತಿ ಸಿಕ್ಕಿಸಿ ಒತ್ತಿದೆ, ಸತ್ತಿತು. ಮೂರು ಸಲ ಮಾಡಿ ನೋಡಿದೆ. ಮೂರನೆಯದು ಅಪ್ಪನಿಗೆ ತೋರಿಸಲಿಕ್ಕೆ.

ಕುಂಬಳೆ_ವೋಲ್ಟ್
ಆದರೂ ಆ ಕೆಪಾಸಿಟರ್ ತೆಗೆಯಬೇಡಿ.

ಮಂಜೇಶ್ವರ_ಬಿಟ್
ತಂತಿ ಬದಲಿಸುವುದೇ ಬೇಡ. ಇಎಸ್‌ಪಿ ಇಫ್ಯೂಸ್ ಟೂಲಿನಲ್ಲಿ (ಚಿಪ್ಪಿನ ಒಳಗಿನ ಫ್ಯೂಸು ಸುಡುವ ಸಾಫ್ಟ್‌ವೇರ್) ಫ್ಲ್ಯಾಶ್ ವೋಲ್ಟೇಜನ್ನು 3.3ಕ್ಕೆ ಖಾಯಂ ಸುಟ್ಟುಬಿಡಿ. ಮತ್ತೆ 12ನೇ ಪಿನ್ನನ್ನು ಚಿಪ್ಪು ನೋಡುವುದೇ ಇಲ್ಲ.

ಹಳೇ_ಸೋಲ್ಡರ್
ಅದು ನಿಜ, ಆದರೆ ಫ್ಯೂಸು ಸುಟ್ಟರೆ ಸುಟ್ಟ ಹಾಗೆ. ಕೈತಪ್ಪಿ 1.8 ಅಂತ ಕೊಟ್ಟರೆ ಬೋರ್ಡು ಗುಜರಿಗೆ. ಒಂದು ಸ್ಕ್ರೂ ಸಡಿಲಿಸಿ ತಂತಿ 27ಕ್ಕೆ ಹಾಕುವ ಕೆಲಸಕ್ಕೆ ಇಷ್ಟು ಸಾಹಸ ಯಾಕೆ?

ಬದಿಯಡ್ಕ_555
34ಕ್ಕೆ ಹಾಕಿದರೆ 27 ಬೇರೆ ಕೆಲಸಕ್ಕೆ ಉಳಿಯುತ್ತದೆ. 34ರಿಂದ 39ರವರೆಗೆ ಇನ್‌ಪುಟ್ ಮಾತ್ರ, ಒಳಗೆ ಪುಲ್‌ಅಪ್ ಪುಲ್‌ಡೌನ್ ರೆಸಿಸ್ಟರ್ ಇಲ್ಲ. ಹೊರಗೆ 10ಕೆ ಹೇಗೂ ಉಂಟಲ್ವಾ.
ಆ ಫ್ಲೋಟಿನ ತಂತಿ ಎಷ್ಟು ಉದ್ದ?

ಪೆರ್ಲ_ತೋಟ
40 ಮೀಟರ್. ಕಂಗಿನಿಂದ (ಅಡಿಕೆ ಮರದಿಂದ) ಕಂಗಿಗೆ ಕಟ್ಟಿ ತಂದದ್ದು.

ಬದಿಯಡ್ಕ_555
ಅಯ್ಯೋ! ಅದನ್ನು ನೇರ ಪಿನ್ನಿಗಾ? ತುಲಾ ತಿಂಗಳ ಗುಡುಗಿಗೆ ಮೊದಲು ಒಂದು ಆಪ್ಟೋಕಪ್ಲರ್ (ಬೆಳಕಿನಿಂದ ಸಿಗ್ನಲ್ ದಾಟಿಸಿ ತಂತಿಯನ್ನು ಬೋರ್ಡಿನಿಂದ ಬೇರೆ ಇಡುವ ಚಿಪ್ಪು) ಹಾಕಿ. ಪಿಸಿ817 ಸಾಕು.

ಕುಂಬಳೆ_ವೋಲ್ಟ್
ಹತ್ತಿರ ಸಿಡಿಲು ಬಿದ್ದರೆ 817 ಎಂತ ಮಾಡುತ್ತದೆ? ತಂತಿಯೇ ಇರಬಾರದು. ನನ್ನದು ನೋಡಿ, ಟಾಂಕಿಯ ಹತ್ತಿರ ಒಂದು ಲೋರಾ (ದೂರಕ್ಕೆ ಹೋಗುವ ರೇಡಿಯೋ) ಬೋರ್ಡು, 865 ಮೆಗಾಹರ್ಟ್ಸ್, 18650 ಸೆಲ್ಲು, ಮೇಲೆ ಸಣ್ಣ ಸೋಲಾರ್ ಪ್ಯಾನೆಲ್. ಹತ್ತು ನಿಮಿಷಕ್ಕೊಮ್ಮೆ ಎದ್ದು ನೀರಿನ ಮಟ್ಟ ಹೇಳಿ ಮಲಗುತ್ತದೆ. ಕಳೆದ ಮಳೆಗಾಲ ಇಡೀ ಒಂದು ದಿನವೂ ಕೈಕೊಡಲಿಲ್ಲ. ಡಬ್ಬಿ ನಾನೇ 3ಡಿ ಪ್ರಿಂಟ್ ಮಾಡಿದ್ದು, ಫೋಟೋ ಹಾಕಲಾ?

ಮಂಜೇಶ್ವರ_ಬಿಟ್
ಯಾವ ಪ್ರಿಂಟರು? ಪಿಎಲ್‌ಎ ಪ್ಲಾಸ್ಟಿಕ್ ಆದರೆ ಬಿಸಿಲಿಗೆ ಬಾಗುತ್ತದೆ.

ಕುಂಬಳೆ_ವೋಲ್ಟ್
ಪಿಇಟಿಜಿ. ಅಷ್ಟು ಗೊತ್ತಿಲ್ವಾ ನನಗೆ.

ಪೆರ್ಲ_ತೋಟ
34ಕ್ಕೆ ಹಾಕಿದೆ. ಇವತ್ತು ಬೆಳಗ್ಗೆ ಟಾಂಕಿ ತುಂಬಿ ಹೊರಗೆ ಚೆಲ್ಲುತ್ತಾ ಇತ್ತು. ಮೇನ್ ಸ್ವಿಚ್ಚು ನಾನೇ ತೆಗೆದು ಹಾಕಿದೆ. ಎದ್ದಿತು, ರಿಲೇ ಟಕ್ ಅಂತು, ಪಂಪು ಓಡಿತು. ಆಪ್ಟೋಕಪ್ಲರ್ ಮುಂದಿನ ಸಲ ಮಂಗಳೂರಿಗೆ ಹೋದಾಗ. ಉಪಕಾರ ಆಯಿತು ಮಾವ.

ಉಪ್ಪಳ_ಹೊಸಬ
ನಂದೂ ಇದೇ ಸಮಸ್ಯೆ. ಇಎಸ್‌ಪಿ8266. ಏಳುವುದಿಲ್ಲ. ಎಲ್ಲ ಸರಿ ಸೇರಿಸಿದ್ದೇನೆ. ಎಂತ ಮಾಡುವುದು?

ಕುಂಬಳೆ_ವೋಲ್ಟ್
ಯಾವ ಚಾರ್ಜರ್?

ಹಳೇ_ಸೋಲ್ಡರ್
ಯಾವ ಪಿನ್ನಿಗೆ ಎಂತ?